ಕಾಂಬ ಅಂಗಡಿ

ನನ್ನ ಅಂಗಡಿಯ ಬೆಂಚು ಈಗ ರಸ್ತೆಯ ಆಚೆ ಬದಿಯಲ್ಲಿದೆ. ಅದರ ಮೇಲೆ ಕೂತವರೂ ಒಂದು ಕಾಲಕ್ಕೆ ನನ್ನ ಅಂಗಡಿಯವರೇ. ನಾನು ಈಚೆ ಬದಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತೇನೆ. ಬಿಚ್ಚಿಟ್ಟ ಮೊಬೈಲಿನ ಹೊಟ್ಟೆಯನ್ನೇ ನೋಡುತ್ತಿದ್ದೇನೆ ಎಂದು ಹಾದುಹೋಗುವವರು ತಿಳಿಯಬೇಕು, ಹಾಗೆ ತಲೆ ತಗ್ಗಿಸಿ, ಕನ್ನಡಿಯ ಮೇಲಂಚಿನಿಂದ ಆ ಬೆಂಚನ್ನು ನೋಡುತ್ತಿರುತ್ತೇನೆ. ಇಷ್ಟು ವರ್ಷದ ಕಸುಬಿನಲ್ಲಿ ತೀರಾ ಇತ್ತೀಚೆಗೆ ನಾನು ಹೊಸದಾಗಿ ಕಲಿತ ವಿದ್ಯೆ ಇದೊಂದೇ.

ಅಂಗಡಿ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕುಂದಾಪುರದ ಸರ್ಕಲ್ಲಿನಿಂದ ಬಸ್ ಸ್ಟ್ಯಾಂಡಿನ ಕಡೆಗೆ ಹೋಗುವಾಗ ಒಂದು ಮೆಡಿಕಲ್ ಶಾಪಿಗೂ ಒಂದು ಟೈಲರ್ ಅಂಗಡಿಗೂ ನಡುವೆ, ಅವೆರಡೂ ಕಟ್ಟಿ ಮುಗಿದ ಮೇಲೆ ಉಳಿದ ಜಾಗಕ್ಕೆ ಶಟರ್ ಹಾಕಿದಂತೆ ಇದೆ. ಒಳಗೆ ನಾನು, ಒಂದು ಮೇಜು, ಸೋಲ್ಡರಿಂಗ್ ಕಡ್ಡಿ, ಎಂದಾದರೂ ಬೇಕಾಗಬಹುದು ಎಂದು ಇಟ್ಟುಕೊಂಡ ಸತ್ತ ಬೋರ್ಡುಗಳು. ರೇಡಿಯೋದಿಂದ ಶುರುಮಾಡಿದವನು ನಾನು. ರೇಡಿಯೋ ಹೋಯಿತು, ಟೇಪ್ ರೆಕಾರ್ಡರ್ ಬಂತು. ಅದು ಹೋಯಿತು, ಡಬ್ಬಿ ಟಿ.ವಿ. ಬಂತು. ಅದೂ ಹೋಗಿ ಮೊಬೈಲು ಬಂತು. ಪ್ರತಿಯೊಂದು ಹೋಗುವಾಗಲೂ ಇನ್ನು ನನ್ನ ಕತೆ ಮುಗಿಯಿತು ಎಂದು ನಾನು ಊಟ ಬಿಟ್ಟಿದ್ದೇನೆ. ಪ್ರತಿಯೊಂದು ಬರುವಾಗಲೂ ಇದು ನನ್ನ ತಲೆಗೆ ಹತ್ತುವುದಿಲ್ಲ ಎಂದು ನಿದ್ದೆ ಬಿಟ್ಟಿದ್ದೇನೆ. ಇದು ನನ್ನ ಸ್ವಭಾವ. ಸಂಜೆ ಶಟರ್ ಎಳೆದು, ಬೀಗ ಜಗ್ಗಿ, ಬಸ್ಸು ಹತ್ತಿ ಕೋಟೇಶ್ವರ ದಾಟುವಾಗ ಸೋಲ್ಡರಿಂಗ್ ಕಡ್ಡಿಯ ಸ್ವಿಚ್ ಆರಿಸಿದ್ದೇನೋ ಇಲ್ಲವೋ ಎಂಬುದು ನೆನಪಾಗುತ್ತದೆ. ಇಳಿದು, ಆಚೆ ಬದಿಯ ಬಸ್ಸು ಹಿಡಿದು ವಾಪಸು ಬರುತ್ತೇನೆ. ಸ್ವಿಚ್ ಆರಿಸಿಯೇ ಇರುತ್ತದೆ. ಒಂದು ದಿನ ಹೀಗೆಯೇ ಊಟದ ಎದುರಿನಿಂದ ಎದ್ದಾಗ ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತದೆ, "ಅಂಗಡಿ ಸುಟ್ಟ್ ಹೋರೆ ಹೊಗೆ ಇಲ್ಲಿಗೇ ಕಾಂತ್ತ್. ಆಗ ಹೋಪ, ಕೂಕಣಿ" ಎಂದಿದ್ದಳು.

ಈ ಸ್ವಭಾವದಿಂದಾಗಿಯೇ ನನ್ನ ಬಾಯಿಗೆ ಒಂದು ಮಾತು ಅಂಟಿಕೊಂಡಿತು. ಯಾರು ಏನು ತಂದುಕೊಟ್ಟರೂ ನಾನು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಕಾಂಬ" ಎನ್ನುತ್ತೇನೆ. ನಮ್ಮ ಕಡೆಯ ಮಾತಿನಲ್ಲಿ ಕಾಂಬ ಎಂದರೆ ನೋಡೋಣ. ಸರಿಯಾಗಲೂಬಹುದು, ಆಗದೆಯೂ ಇರಬಹುದು, ಬಿಚ್ಚದೆ ಹೇಳುವುದು ಹೇಗೆ? ನನಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತು ಗೊತ್ತಿಲ್ಲ. ಗಿರಾಕಿಗಳು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಬೇರೆ ಎಲ್ಲವನ್ನೂ ಯೋಚಿಸಿದ್ದೆ.

ಆ ಹೊತ್ತಿಗೆ ಕೊಡೆಯವನು ಬಂದ.

ಅವನು ಬ್ರಹ್ಮಾವರದ ಬದಿಯವನು. ಮುಂಬಯಿಯಲ್ಲಿ ಬಹಳ ವರ್ಷ ಇದ್ದು, ಅಲ್ಲಿಯ ಎಲೆಕ್ಟ್ರಾನಿಕ್ಸ್ ಬಜಾರಿನ ಗಲ್ಲಿಗಳಲ್ಲಿ ಓಡಾಡಿ, ಊರಿಗೆ ವಾಪಸಾದವನು. ಸ್ಕೂಟರಿನ ಹಿಂದೆ ಒಂದು ಮಡಚುವ ಮೇಜು, ಎರಡು ಚೀಲ, ಐಸ್‌ಕ್ರೀಮಿನ ಚಿತ್ರವಿರುವ ಒಂದು ಭಾರೀ ಕೊಡೆ ಕಟ್ಟಿಕೊಂಡು ಸಾಸ್ತಾನದ ಟೋಲ್ ದಾಟಿ ಬೆಳಿಗ್ಗೆ ಬರುತ್ತಿದ್ದ. ಚಾರ್ಜರು, ಇಯರ್‌ಫೋನು, ಟಿ.ವಿ. ರಿಮೋಟು, ಮೊಬೈಲಿನ ಕವರು ಎಲ್ಲವನ್ನೂ ಕೊಡೆಯ ಕಡ್ಡಿಗಳಿಗೆ ಒಣಮೀನಿನ ಹಾಗೆ ತೂಗುಹಾಕಿದರೆ ಅವನ ಅಂಗಡಿ ತೆರೆದಂತೆ. ಒಂದು ದಿನ ಬ್ರಹ್ಮಾವರ, ಒಂದು ದಿನ ಬೈಂದೂರು, ಶನಿವಾರ ಸಂತೆಗೆ ಕುಂದಾಪುರ. ಸಂತೆಯವರು ಬರುತ್ತಾರೆ, ಹೋಗುತ್ತಾರೆ ಎಂದು ನಾನು ಮೊದಲು ಚಿಂತೆ ಮಾಡಲಿಲ್ಲ. ಚಿಂತೆ ಮಾಡದೆ ಬಿಟ್ಟ ಒಂದೇ ಒಂದು ವಿಷಯ ಅದು. ನೋಡುತ್ತಿದ್ದಂತೆ ಸಂತೆಯಿಲ್ಲದ ದಿನವೂ ಅವನ ಕೊಡೆ ಬಿಚ್ಚತೊಡಗಿತು, ಸರಿಯಾಗಿ ನನ್ನ ಎದುರಿಗೇ. ಪಕ್ಕದ ಜ್ಯೂಸ್ ಅಂಗಡಿಯಿಂದ ಒಂದು ವಯರ್ ಎಳೆದುಕೊಂಡು ಮೊಬೈಲ್ ರಿಪೇರಿಗೂ ಕೂತ.

ಕೆಲಸದಲ್ಲಿ ಅವನು ನನಗಿಂತ ಮೇಲಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಇದೆ, ಆದರೂ ಈ ಮಾತು ನಿಜ. ಗ್ಲಾಸ್ ಅಂಟಿಸುತ್ತಾನೆ, ಬ್ಯಾಟರಿ ಬದಲಿಸುತ್ತಾನೆ, ಚಾರ್ಜಿಂಗ್ ಪಿನ್ ಹಾಕುತ್ತಾನೆ. ಬೋರ್ಡಿನ ಕೆಲಸಕ್ಕೆ ಅವನ ಕೈ ನಡುಗುತ್ತದೆ. ಅವನು ಬೆಸುಗೆ ಹಾಕಿದ್ದನ್ನು ಒಮ್ಮೆ ಬಿಚ್ಚಿ ನೋಡಿದ್ದೇನೆ, ಇಡ್ಲಿ ಹಿಟ್ಟು ಚೆಲ್ಲಿದ ಹಾಗಿತ್ತು. ಅವನಿಗೆ ಗೊತ್ತಿದ್ದದ್ದು ಒಂದು ಮಾತು. ಯಾರಾದರೂ ಮೊಬೈಲನ್ನು ಕಿಸೆಯಿಂದ ತೆಗೆಯುವ ಮೊದಲೇ, ಏನು ಕೆಟ್ಟಿದೆ ಎಂದು ಹೇಳುವ ಮೊದಲೇ, ಅವನು "ಆತ್ತ್" ಎನ್ನುತ್ತಿದ್ದ. ಆಗುತ್ತದೆ. ಅಷ್ಟೇ. ಬಂದವರ ಹುಬ್ಬು ಕೆಳಗಿಳಿಯುವುದು ನನಗೆ ರಸ್ತೆಯ ಈಚೆಯಿಂದ ಕಾಣುತ್ತಿತ್ತು.

ಬೆಂಚು ಹೋದದ್ದು ಒಂದು ಶನಿವಾರ. ಅದು ನನ್ನ ಅಂಗಡಿಯ ಮೆಟ್ಟಿಲಿನ ಪಕ್ಕ ಇದ್ದ ಹಲಸಿನ ಮರದ ಹಳೆಯ ಬೆಂಚು. ಮಧ್ಯಾಹ್ನ ಕಳೆದು ಬಿಸಿಲು ರಸ್ತೆಯ ಆಚೆ ಬದಿಗೆ ಸರಿದಾಗ ಅಲ್ಲಿ ಇಬ್ಬರು ಬಂದು ಕೂರುತ್ತಿದ್ದರು. ಒಬ್ಬರು ಬೈಂದೂರು ಲೈನಿನಲ್ಲಿ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿರುವವರು. ಮನೆಯಲ್ಲಿ ಕೂತರೆ ಟಿಕೆಟ್ ಕೊಡುವುದಕ್ಕೆ ಯಾರೂ ಇಲ್ಲವಲ್ಲ, ಅದಕ್ಕೆ ಬರುತ್ತಿದ್ದರು. ಇನ್ನೊಬ್ಬಳು ಬೀಜಾಡಿಯ ಮೀನಿನಾಕೆ. ಬೆಳಿಗ್ಗೆ ಮನೆಮನೆಗೆ ಮೀನು ಕೊಟ್ಟು, ಉಳಿದದ್ದನ್ನು ಪೇಟೆಯಲ್ಲಿ ಮಾರಿ, ಬುಟ್ಟಿ ಖಾಲಿಯಾದ ಮೇಲೆ ಬಸ್ಸಿಗೆ ಕಾಯುತ್ತ ಕಾಲು ಚಾಚಿ ಕೂರುವವಳು. ಅವರಿಬ್ಬರ ಮಾತು ಕಿವಿಯ ಮೇಲೆ ಬೀಳುತ್ತಿದ್ದರೆ ನನ್ನ ಕೈ ತಾನಾಗಿ ಓಡುತ್ತಿತ್ತು. ನಾನು ಹೆಚ್ಚು ಮಾತಾಡುವವನಲ್ಲ. ಆದರೆ ಅವರು ಅಲ್ಲಿ ಕೂತಿದ್ದರಿಂದ ಅದು ಅಂಗಡಿಯಾಗಿತ್ತು. ಇಲ್ಲದಿದ್ದರೆ ಬರೀ ಶಟರ್.

ಆ ಶನಿವಾರ ಕೊಡೆಯವನು ರಸ್ತೆ ದಾಟಿ ಬಂದ. ಅವನ ಸ್ಟೂಲಿನ ಕಾಲು ಮುರಿದಿತ್ತು.

"ಸೇಟ್ರೆ, ಬೆಂಚ್ ಒಂಚೂರ್ ತಕಂಡ್ ಹೋತೆ. ಅಡ್ಡಿಲ್ಲ್ಯಾ?" ಎಂದ.

ಮುಂಬಯಿಯ ರೂಢಿ ಇರಬೇಕು, ಶಟರ್ ಇರುವವರನ್ನೆಲ್ಲ ಅವನು ಸೇಟ್ ಎಂದೇ ಕರೆಯುತ್ತಿದ್ದ. ನನ್ನ ಬನಿಯನ್ನಿನ ತೂತನ್ನು ನೋಡಿಕೊಂಡೇ ಸೇಟ್ರೆ ಎನ್ನುತ್ತಿದ್ದ. ನಾನು ಬೋರ್ಡಿನಿಂದ ತಲೆ ಎತ್ತದೆ "ಕಾಂಬ" ಎಂದೆ. ಕೊಡುತ್ತೇನೆ ಎಂದಲ್ಲ, ಕೊಡುವುದಿಲ್ಲ ಎಂದೂ ಅಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು. ತಲೆ ಎತ್ತಿ ನೋಡುವಾಗ ಬೆಂಚು ರಸ್ತೆಯ ನಡುವೆ ಇತ್ತು. ಅದರ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಕಂಡಕ್ಟರರ ಕೈಯಲ್ಲಿ. ಅವರು ಅದರಿಂದ ಎದ್ದು, ಅದನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಕೊಡೆಯ ನೆರಳು ನನ್ನ ಮೆಟ್ಟಿಲಿನ ನೆರಳಿಗಿಂತ ತಂಪು ಎಂದು ಕಂಡಕ್ಟರರಿಗೆ ಅಂದೇ ಗೊತ್ತಾಯಿತು. ಮರುದಿನದಿಂದ ಅವರು ಸೀದಾ ಅಲ್ಲಿಗೇ. ಅವನ ಮುಂಬಯಿಯ ಕತೆಗಳಿಗೆ ತೊಡೆ ತಟ್ಟಿ ನಗುತ್ತಿದ್ದರು. ನನ್ನ ಬೆಂಚಿನಲ್ಲಿ ಅಷ್ಟು ವರ್ಷ ಕೂತಾಗ ಅವರು ತೊಡೆ ತಟ್ಟಿದ್ದು ಸೊಳ್ಳೆಗೆ ಮಾತ್ರ. ಬೆಂಚು ವಾಪಸು ಕೇಳಬಹುದಿತ್ತು. ದಿನಾ ಕೇಳಬೇಕೆಂದುಕೊಂಡು ಶಟರ್ ಎತ್ತುತ್ತಿದ್ದೆ. ಕೇಳಿದರೆ ಅವನು ನಗುತ್ತ ತಂದಿಡುತ್ತಾನೆ, ಬೆಂಚು ಬರುತ್ತದೆ, ಜನ ಬಾರದಿದ್ದರೆ? ಖಾಲಿ ಬೆಂಚನ್ನು ನೋಡುತ್ತ ಕೂರುವುದಕ್ಕಿಂತ ತುಂಬಿದ ಬೆಂಚನ್ನು ದೂರದಿಂದ ನೋಡುವುದು ಮೇಲೆಂದು ಸುಮ್ಮನಾದೆ.

ಮನೆಯಲ್ಲಿ ಈ ಸಂಕಟವನ್ನು ಹೇಳಿಕೊಳ್ಳೋಣ ಎಂದರೆ, ಹೆಂಡತಿಯ ಮೊಬೈಲಿನ ಒಡೆದ ಗ್ಲಾಸಿನ ಜಾಗದಲ್ಲಿ ಹೊಸ ಗ್ಲಾಸು ಫಳಫಳ ಎನ್ನುತ್ತಿತ್ತು. ನಾನು ಹಾಕಿದ್ದಲ್ಲ. ನನ್ನ ಹತ್ತಿರ ಅದು ಮಳೆಗಾಲಕ್ಕೆ ಮುಂಚಿನಿಂದ ಕಾಂಬದಲ್ಲಿತ್ತು. ಪೇಟೆಗೆ ಹೋದವಳು ಕೊಡೆಯ ಕೆಳಗೆ ನಿಂತು, ನನ್ನ ಅಂಗಡಿಯನ್ನು ನೋಡುತ್ತಲೇ, ಹಾಕಿಸಿಕೊಂಡು ಬಂದಿದ್ದಳು. ಹೇಗಿದ್ದರೂ ನಿಮ್ಮ ಬೆಂಚಿನ ಮೇಲೆಯೇ ಕೂತಿದ್ದೆನಲ್ಲ ಎಂದು ಸಮಾಧಾನ ಬೇರೆ ಹೇಳಿದಳು. ನಾನು ಆ ಗ್ಲಾಸಿನ ಮೂಲೆಯಲ್ಲಿ ಗಾಳಿಗುಳ್ಳೆ ಇದೆಯೇ ಎಂದು ದೀಪಕ್ಕೆ ಹಿಡಿದು ನೋಡಿದೆ. ಇರಲಿಲ್ಲ. ಅವತ್ತು ಊಟ ರುಚಿಸಲಿಲ್ಲ.

ಇನ್ನು ಉಳಿದವಳು ಮೀನಿನಾಕೆ ಒಬ್ಬಳೇ. ಬೆಂಚು ಹೋದ ಮೇಲೂ ಅವಳು ನನ್ನ ಮೆಟ್ಟಿಲಿನ ಮೇಲೆಯೇ ಕೂರುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಅದು ಮೀನಿನ ಬುಟ್ಟಿಯ ಪಕ್ಕ ಸೊಂಟದಲ್ಲಿ ಸಿಕ್ಕಿಕೊಂಡು ದಿನವೂ ಉಪ್ಪುನೀರು ಕುಡಿಯುತ್ತಿತ್ತು. ಆಗಾಗ ಕೆಡುತ್ತಿತ್ತು. ತಂದು ಕೊಡುತ್ತಿದ್ದಳು, ನಾನು ಕಾಂಬ ಎನ್ನುತ್ತಿದ್ದೆ, ಅವಳು ನಿಟ್ಟುಸಿರು ಬಿಡುತ್ತಿದ್ದಳು. ಬಿಚ್ಚಿ ಥಿನ್ನರಿನಲ್ಲಿ ಬ್ರಶ್ ಅದ್ದಿ ತೊಳೆದು, ಗಾಳಿಗಿಟ್ಟು, ಜೋಡಿಸಿ, ಹಿಂದಿನ ಮುಚ್ಚಳ ಸಡಿಲವಾದ್ದರಿಂದ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದೆ. ಒಂದು ಬ್ಯಾಂಡ್ ಸಾಕು. ಆದರೆ ಒಂದು ಹರಿದರೆ? ಹಾಗಾಗಿ ನಾನು ಅಡ್ಡಕ್ಕೊಂದು ಉದ್ದಕ್ಕೊಂದು ಹಾಕುತ್ತೇನೆ. ಕೂಲಿಯ ಬದಲು ಅವಳು ಬಾಳೆಲೆಯಲ್ಲಿ ಸುತ್ತಿದ ಕಾಣೆ ಮೀನು ಕೊಡುತ್ತಿದ್ದಳು. ಕಾಣೆ ಎಂದರೆ ಅವಳ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಖರ್ಚಾಗುವ ಮೀನು, ಅದನ್ನು ನನಗೆಂದು ಅಡಿಯಲ್ಲಿ ಬಚ್ಚಿಟ್ಟಿರುತ್ತಿದ್ದಳು. ಇವಳೂ ಹೋದರೆ ಅಂಗಡಿ ಮುಚ್ಚುವುದೇ ಸೈ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ಅವಳು ಬಸ್ಸಿಗೆ ಎದ್ದು ಹೊರಟಾಗಲೆಲ್ಲ ರಸ್ತೆ ದಾಟುತ್ತಾಳೋ ಇಲ್ಲವೋ ಎಂದು ಕನ್ನಡಿಯ ಮೇಲಂಚಿನಿಂದ ನೋಡುತ್ತಿದ್ದೆ. ಇದನ್ನೆಲ್ಲ ಕೇಳಿದ ನನ್ನ ಹೆಂಡತಿ, ಮದುವೆಯಾದ ಹೊಸತರಲ್ಲಿ ತನ್ನನ್ನು ಹೀಗೆ ಕಾದಿದ್ದರೆ ಒಂದು ಚೆಂದ ಇತ್ತು ಎಂದಳು.

ಒಂದು ದಿನ ನಾನು ಮೆಡಿಕಲ್ ಶಾಪಿನ ಮೆಟ್ಟಿಲಲ್ಲಿ ಗ್ಯಾಸ್ಟ್ರಿಕ್ಕಿನ ಮಾತ್ರೆಗೆ ನಿಂತಿದ್ದೆ. ಕಂಡಕ್ಟರರು ಯಾರಿಗೋ ಫೋನಿನಲ್ಲಿ ದಾರಿ ಹೇಳುತ್ತ ಪಕ್ಕದಲ್ಲೇ ಹಾದುಹೋದರು. ಅವರ ಗಂಟಲು ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದ್ದು.

"ಹ್ವಾಯ್, ಸರ್ಕಲ್ ಹತ್ರ ಇಳ್ದ್ಕಣಿ. ಅಲ್ಲ್ ಕಾಂಬ ಅಂಗಡಿ ಇತ್ತಲೆ, ಅದ್ರ್ ಎದ್ರಿಗೇ ಕೊಡೆ."

ಕಾಂಬ ಅಂಗಡಿ. ಬೋರ್ಡಿನ ಮೇಲೆ ಬರೆಸಿದ ಹೆಸರು ಬೇರೆಯೇ ಇದೆ, ಪೇಂಟರ್ ಹೂವಿನ ಬಳ್ಳಿ ಬೇರೆ ಬಿಡಿಸಿದ್ದಾನೆ. ಊರು ನನಗೆ ಇಟ್ಟ ಹೆಸರು ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅದನ್ನಾದರೂ ಸಹಿಸಬಹುದು. ಈಗ ನನ್ನ ಅಂಗಡಿ ಅವನ ಕೊಡೆಗೆ ಗುರುತಾಗಿತ್ತು, ಅದನ್ನು ಹೇಗೆ ಸಹಿಸುವುದು? ಮಾತ್ರೆ ಒಂದರ ಬದಲು ಎರಡು ನುಂಗಿದೆ.

ಇದಾಗಿ ಸ್ವಲ್ಪ ದಿನಕ್ಕೆ ನಾನು ಹೆದರಿದ್ದು ಆಯಿತು. ಮಧ್ಯಾಹ್ನದ ಮೊದಲೇ, ಬುಟ್ಟಿ ಇನ್ನೂ ತುಂಬಿರುವಾಗ ಮೀನಿನಾಕೆ ಬಂದಳು. ಕೈಯಲ್ಲಿ ಫೋನು ಹಿಡಿದಿದ್ದಳು. ನನ್ನ ಮೆಟ್ಟಿಲಿನ ಹತ್ತಿರ ಬಂದು ನಿಂತಳು ಕೂಡ. ನಾನು ಕೈ ಒರೆಸಿಕೊಂಡು ಮುಂದೆ ಬಾಗಿದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಏನು ಅನ್ನಿಸಿತೋ, ತಿರುಗಿ, ಎರಡೂ ಕಡೆ ನೋಡಿ, ಬುಟ್ಟಿ ಹೊತ್ತುಕೊಂಡೇ ರಸ್ತೆ ದಾಟಿದಳು. ಕೊಡೆಯ ಕೆಳಗೆ ಅವಳು ಏನೋ ಹೇಳುವುದು, ಕಣ್ಣು ಒರೆಸಿಕೊಳ್ಳುವುದು, ಅವನು ಪೂರ್ತಿ ಕೇಳುವ ಮುಂಚೆಯೇ ತಲೆಯಾಡಿಸುವುದು ಕಂಡಿತು. ಅವನ ತುಟಿ ಅಲ್ಲಾಡಿದ್ದನ್ನು ಇಲ್ಲಿಂದಲೇ ಓದಬಹುದಿತ್ತು. ಆತ್ತ್.

ಅವಳು ಫೋನು ಕೊಟ್ಟು, ಬುಟ್ಟಿ ಸರಿಮಾಡಿಕೊಂಡು, ಮೀನಿನ ಹೆಸರು ಕೂಗುತ್ತ ಹೋದಳು. ದನಿ ಸಲೀಸಾಗಿತ್ತು.

ಆಮೇಲೆ ನಾನು ಏನು ಕೆಲಸ ಮಾಡಿದೆನೋ ಗೊತ್ತಿಲ್ಲ. ಒಂದೇ ಸ್ಕ್ರೂವನ್ನು ಬಿಗಿಮಾಡಿ ಸಡಿಲಮಾಡಿ ಕೂತಿದ್ದೆ. ಅವಳ ಫೋನಿನ ಒಳಗು ನನ್ನ ಕೈಯ ಗೆರೆಯಷ್ಟು ನನಗೆ ಪರಿಚಯ. ಎಲ್ಲಿ ತಂತಿ ಸವೆದಿದೆ, ಎಲ್ಲಿ ನಾನೇ ಹಿಂದೆ ತೇಪೆ ಹಾಕಿದ್ದೇನೆ, ಎಲ್ಲ. ಅದನ್ನು ಅವನು ಬಿಚ್ಚುವುದನ್ನು ನೋಡುವಾಗ ನನಗೆ ಮೈಯೆಲ್ಲ ಉರಿಯಿತು. ಅವನಿಂದ ಆಗಬಾರದು ಎಂದು ಬಯಸಿದೆ. ಬಯಸಿದ ಮರುಗಳಿಗೆಯೇ, ಆಗದೆ ಪೂರ್ತಿ ಸುಟ್ಟುಹಾಕಿದರೆ ಎಂಬ ಚಿಂತೆ ಹತ್ತಿಕೊಂಡಿತು. ಹೊಟ್ಟೆಕಿಚ್ಚನ್ನು ಕೂಡ ನೆಮ್ಮದಿಯಾಗಿ ಪಡಲು ಬಾರದ ಜೀವ ನನ್ನದು.

ಬಿಸಿಲು ನೆತ್ತಿಗೆ ಬರುವಾಗ ಕೊಡೆಯವನು ರಸ್ತೆ ದಾಟಿ ಬಂದ. ಅಂಗೈಯಲ್ಲಿ ಅವಳ ಫೋನು ಎರಡು ಹೋಳಾಗಿ ಇತ್ತು. ಒಂದು ಮೀನಿನ ಹುರುಪೆ ಗುಂಡಿಗಳ ನಡುವೆ ಇನ್ನೂ ಅಂಟಿಕೊಂಡಿತ್ತು.

"ಸೇಟ್ರೆ, ಇದ್ ನನ್ ಕೈಯಗೆ ಆಪುದಲ್ಲ" ಎಂದ. "ಬೋರ್ಡ್ ಕಿಲುಬ್ ಹಿಡ್ದಿತ್. ನಿಮ್ ಕೈಯೇ ಬೇಕ್."

ನಾನು ಫೋನನ್ನು ಮುಟ್ಟಲಿಲ್ಲ. "ಆತ್ತ್ ಅಂದ್ರಿಯಲೆ?"

"ಅಂದಿದೆ."

"ಆಪುದಲ್ಲ ಅಂದೇಳಿ ಗೊತ್ತಿದ್ದೂ?"

"ಎದ್ರಿಗ್ ನೀವ್ ಇದ್ರಿಯಲೆ. ಅದ್ಕೇ ಅಂದದ್ದ್."

ಎಷ್ಟು ಸಲೀಸಾಗಿ ಹೇಳಿದ! ನನ್ನ ಕೈಯನ್ನು ನಂಬಿ ಅವನು ಮಾತು ಕೊಟ್ಟಿದ್ದ. ನನ್ನ ಕೈಯನ್ನು ನಂಬಿ ನಾನೇ ಒಂದು ದಿನವೂ ಮಾತು ಕೊಟ್ಟವನಲ್ಲ. ಇದು ಹೊಗಳಿಕೆಯೋ ಕಳ್ಳತನವೋ ಎಂದು ತಿಳಿಯದೆ ಆ ಸ್ಕ್ರೂವನ್ನೇ ಮತ್ತೆ ಬಿಗಿಮಾಡತೊಡಗಿದೆ. ನಾನು ಒಪ್ಪಲಿಲ್ಲ ಎಂದು ಅವನು ತಿಳಿದಿರಬೇಕು. ಮೆಟ್ಟಿಲಿನ ಮೇಲೆ, ಅವಳು ಕೂರುವ ಜಾಗದಲ್ಲೇ ಕೂತು, ವಿಷಯ ಹೇಳಿದ. ಅವಳ ಮಗಳನ್ನು ಬೈಂದೂರಿನ ಆಚೆಗೆ ಕೊಟ್ಟಿದೆ. ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ ಇದ್ದಾಳೆ, ದಿನ ತುಂಬಿದೆ. ಮೊದಲನೆಯದು ಬಹಳ ಕಷ್ಟದಲ್ಲಿ ಆದದ್ದು. ಫೋನು ಬಂದ ಕೂಡಲೇ ಬುಟ್ಟಿ ಎಲ್ಲಿದೆಯೋ ಅಲ್ಲೇ ಇಟ್ಟು ಬಸ್ಸು ಹತ್ತಬೇಕೆಂದು ತಾಯಿ ಕಾಯುತ್ತಿದ್ದಾಳೆ. ಬೆಳಿಗ್ಗೆ ಎದ್ದು ನೋಡಿದರೆ ಫೋನು ಸತ್ತಿದೆ.

ಇಷ್ಟು ವರ್ಷ ನನ್ನ ಮೆಟ್ಟಿಲಿನ ಮೇಲೆ ಕೂತವಳು, ಮಗಳ ದಿನ ತುಂಬಿದ್ದನ್ನು ನನಗೆ ಹೇಳಿರಲಿಲ್ಲ. ನಿನ್ನೆ ಮೊನ್ನೆ ಬಂದ ಕೊಡೆಗೆ ಹೇಳಿದ್ದಳು. ಫೋನು ಅವನ ಕೈಗೆ ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಆದರೆ ಇನ್ನು ಕೈ ಕಟ್ಟಿ ಕೂರುವ ಹಾಗಿರಲಿಲ್ಲ. ಫೋನು ತೆಗೆದುಕೊಂಡು ದೀಪದ ಕೆಳಗೆ ಹಿಡಿದೆ. ಬೋರ್ಡಿನ ಅಂಚಿಗೆ ಹಸಿರು ಕಿಲುಬು ಹೂವಿನ ಹಾಗೆ ಅರಳಿತ್ತು. ಅದನ್ನು ಕೆರೆಯುತ್ತ ಅಭ್ಯಾಸಬಲದಿಂದ "ಕಾಂಬ" ಎಂದೆ.

ಅವನು ತಟ್ಟನೆ ಎದ್ದು ನಿಂತ. ಆಮೇಲೆ ನಕ್ಕು ಮತ್ತೆ ಕೂತ.

"ಕಾಣಿ, ನಾನೂ ಹೊರಟಿದೆ" ಎಂದ. "ನಮ್ ಬದಿಗ್ ಹೋಪತಿಗ್ ಕಾಂಬ ಅಂಬುದ್. ನೀವ್ ಬಪ್ಪತಿಗೇ ಅಂತ್ರಿ. ಬಂದೋರ್ ಹೋಪುದಲ್ದೆ ಎಂತ ಮಾಡೂದ್? ಅವತ್ತ್ ಬೆಂಚ್ ಕೇಂಡತಿಗೂ ಕಾಂಬ ಅಂದ್ರಿ. ಸರಿ, ಹೋಯ್ ಬಾ ಅಂದ್ರಿ ಅಂದೇಳಿ ನಾ ತಕಂಡ್ ಹೋದೆ."

ಹೊರಡುವವರು ಕಾಂಬ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಮತ್ತೆ ಸಿಗೋಣ ಎಂಬ ಅರ್ಥದಲ್ಲಿ ನಾನೂ ನೂರು ಕಡೆ ಹೇಳಿದ್ದೇನೆ, ನಮ್ಮ ಕಡೆ ಹಾಗೆ ಹೇಳದೆ ಯಾರೂ ಮೆಟ್ಟಿಲಿಳಿಯುವುದಿಲ್ಲ. ಆದರೆ ಒಳಗೆ ಕಾಲಿಡುವ ಪ್ರತಿಯೊಬ್ಬ ಗಿರಾಕಿಗೂ ನಾನೇ ವಿದಾಯ ಹೇಳುತ್ತ ಬಂದಿದ್ದೇನೆ ಎಂದು ಹೊಳೆದಿರಲಿಲ್ಲ. ಅವನಿಗೆ ಹೊಳೆದಿತ್ತು. ಅದನ್ನು ಊರಿಗೆಲ್ಲ ಹೇಳಿಯೂ ಇರಬೇಕು. ಈ ತಮಾಷೆ ಮೊದಲು ನನಗೆ ಹೊಳೆದಿದ್ದರೆ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಥಿನ್ನರಿನಲ್ಲಿ ತೊಳೆದೆ. ಬೋರ್ಡಿನ ಒಂದು ತಾಮ್ರದ ಗೆರೆ ಪೂರ್ತಿ ತಿಂದುಹೋಗಿತ್ತು. ಕೂದಲಿಗಿಂತ ಸಪೂರದ ತಂತಿಯೊಂದನ್ನು ತೆಗೆದು ಆ ತುದಿಯಿಂದ ಈ ತುದಿಗೆ ಬೆಸೆದೆ. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮುಗಿದಾಗ ಏನೋ ಹಿಂದಿಯಲ್ಲಿ ಮೆಚ್ಚಿ ಹೇಳಿದ. ಫೋನಿನ ದೀಪ ಹತ್ತಿತು. ನಾನು ಮುಚ್ಚಳ ಹಾಕಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ನನ್ನ ಹೆಸರು ಹೇಳು ಎಂದು ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಸಣ್ಣವನಾಗುತ್ತೇನೆ. ಹೇಳದಿದ್ದರೆ ಅವನು ದೊಡ್ಡವನಾಗುತ್ತಾನೆ. ಇದನ್ನು ತೂಗಿನೋಡುವಷ್ಟರಲ್ಲಿ ಅವನು ರಸ್ತೆ ದಾಟಿಯಾಗಿತ್ತು.

ಮಧ್ಯಾಹ್ನ ಕಳೆದು ಮೀನಿನಾಕೆ ಬಂದಳು. ಸೀದಾ ಕೊಡೆಯ ಕೆಳಗೆ. ಅವನು ಫೋನನ್ನು ಎರಡೂ ಕೈಯಲ್ಲಿ, ಬಾಣಂತಿಯ ಕೈಗೆ ಮಗು ಕೊಟ್ಟ ಹಾಗೆ ಕೊಟ್ಟ. ಇಂಥವೆಲ್ಲ ಅವನಿಗೆ ಬರುತ್ತದೆ. ಅವಳು ಅಲ್ಲೇ ನಿಂತು ಗುಂಡಿ ಒತ್ತಿ, ಮಗಳ ಮನೆಗೇ ಇರಬೇಕು, ಮಾತಾಡಿದಳು. ನಕ್ಕಳು. ಬುಟ್ಟಿಯ ಅಡಿಗೆ ಕೈ ಹಾಕಿ ಬಾಳೆಲೆಯ ಪೊಟ್ಟಣ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. ಅದರ ಉದ್ದ ನೋಡಿಯೇ ನನಗೆ ಗೊತ್ತಾಯಿತು. ಕಾಣೆ. ನನ್ನ ಕಣ್ಣೆದುರಿಗೇ ನನ್ನ ಕಾಣೆ ಕಾಣೆಯಾಯಿತು.

ನಾನು ಕನ್ನಡಿ ಕೆಳಗಿಳಿಸಿ ನಿಜವಾಗಿಯೂ ಕೆಲಸ ಮಾಡತೊಡಗಿದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಹತ್ತಿರ ಮೀನಿನ ವಾಸನೆ ಬಂತು.

"ಅಣ್ಣ" ಎಂದಳು ಅವಳು. "ಫೋನ್ ಸರಿ ಮಾಡಿದ್ದ್ ನೀವ್ ಅಲ್ದಾ?"

ಅವನು ಹೇಳಿದನೇ ಎಂದು ಕೇಳಬೇಕೆಂದಿತ್ತು.

"ರಬ್ಬರ್ ಬ್ಯಾಂಡ್ ಅಡ್ಡಕ್ಕೊಂದ್ ಉದ್ದಕ್ಕೊಂದ್ ಹಾಕೂದ್ ಈ ಕುಂದಾಪ್ರದಲ್ಲ್ ನೀವ್ ಒಬ್ರೇ."

"ಮತ್ತೆ ಅಲ್ಲಿಗ್ ಎಂತಕ್ಕ್ ಹೋದ್ರಿ?" ನನ್ನ ದನಿ ನನಗೇ ಎಳೆ ಮಕ್ಕಳ ದನಿಯಂತೆ ಕೇಳಿಸಿತು.

ಅವಳು ಬುಟ್ಟಿ ಇಳಿಸಿದಳು. "ನೀವ್ ಕಾಂಬ ಅಂತ್ರಿ. ಅಂದದ್ದ್ ಸುಳ್ಳಲ್ಲ, ಮಾಡಿಯೂ ಕೊಡ್ತ್ರಿ. ಆದ್ರೆ ನಂಗೆ ಇವತ್ತ್ ಕಾಂಬ ಅಂಬುದನ್ನ್ ಕೇಂಬ ಧೈರ್ಯ ಇರ್ಲಿಲ್ಲೆ ಅಣ್ಣ. ಆತ್ತ್ ಅಂಬೋರ್ ಒಬ್ರ್ ಬೇಕಿದ್ದಿತ್. ಅವ್ರ್ ಅಂದ್ರ್. ಮತ್ತೆ ಮೀನ್ ಮಾರೂಕಾರೂ ಆಯ್ತ್."

ಹೀಗೆಂದು ಬುಟ್ಟಿಯಿಂದ ಇನ್ನೊಂದು ಪೊಟ್ಟಣ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಬಂಗುಡೆ. ಒಳ್ಳೆಯ ಬಂಗುಡೆಯೇ, ಕಣ್ಣು ಇನ್ನೂ ಹೊಳೆಯುತ್ತಿತ್ತು. ಆದರೂ ಬಂಗುಡೆ. ಆತ್ತ್ ಎಂಬ ಒಂದು ಮಾತಿಗೆ ಕಾಣೆ, ಕೂದಲೆಳೆಯ ತಂತಿ ಬೆಸೆದ ಕೆಲಸಕ್ಕೆ ಬಂಗುಡೆ. ನಾನು ಅದನ್ನು ನೋಡುತ್ತಿದ್ದ ರೀತಿ ಅವಳಿಗೆ ಅರ್ಥವಾಗಿರಬೇಕು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಗು ಮುಚ್ಚಿಕೊಂಡಳು.

"ಬನ್ನಿ, ಆಚೆ ಕೂಕಂಬ" ಎಂದಳು. "ನಿಮ್ದೇ ಬೆಂಚ್ ಅಲ್ದಾ?"

ನಾನು ಹೋಗುವವನಲ್ಲ. ಅಂಗಡಿ ತೆರೆದಿಟ್ಟು ರಸ್ತೆ ದಾಟಿದರೆ ಯಾರಾದರೂ ಬಂದು ಬೋರ್ಡುಗಳನ್ನು ಹೊತ್ತುಕೊಂಡು ಹೋದರೆ ಎಂಬ ಚಿಂತೆ ಇದ್ದೇ ಇದೆ. ಆ ಸತ್ತ ಬೋರ್ಡುಗಳನ್ನು ಯಾರೂ ಮುಟ್ಟುವುದಿಲ್ಲ ಎಂಬ ಚಿಂತೆ ಬೇರೆ. ಆದರೆ ಅವಳು ಬುಟ್ಟಿ ಎತ್ತಿಕೊಂಡು ರಸ್ತೆಯ ಅಂಚಿನಲ್ಲಿ ನಿಂತು ನನಗಾಗಿ ಕಾಯುತ್ತಿದ್ದಳು. ಅವಳು ಒಬ್ಬಳೇ ದಾಟುವುದನ್ನು ಇನ್ನೊಮ್ಮೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಕಂಡಕ್ಟರರು ಬಸ್ಸಿನಲ್ಲಿ ಹೇಳುವ ಹಾಗೆ ಮುಂದೆ ಹೋಯ್ನಿ, ಮುಂದೆ ಹೋಯ್ನಿ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು ಸರಿದು ಜಾಗ ಕೊಟ್ಟರು. ನನ್ನ ಬೆಂಚಿನಲ್ಲಿ ನಾನು ನೆಂಟನ ಹಾಗೆ ತುದಿಯಲ್ಲಿ ಕೂತೆ. ಕೊಡೆಯ ಕೆಳಗೆ ನಿಜಕ್ಕೂ ತಂಪಿತ್ತು, ಅದೂ ನನಗೆ ಸರಿಬರಲಿಲ್ಲ. ಕೊಡೆಯವನು ಜ್ಯೂಸ್ ಅಂಗಡಿಯಿಂದ ನನಗೊಂದು ಲಿಂಬೆ ಶರಬತ್ತು ತರಿಸಿದ. ಮೀನಿನಾಕೆಯ ಫೋನು ಹೊಡೆದುಕೊಂಡಿತು. ನಾಲ್ಕೂ ಜನ ಉಸಿರು ಹಿಡಿದೆವು. ಅವಳು ಹಲೋ ಎಂದು, ಕೇಳಿ, ನಾಳೆ ಅಂಜಲ್ ಮೀನು ಸಿಕ್ಕಿದರೆ ಎರಡು ತುಂಡು ಜಾಸ್ತಿ ತರಬೇಕಂತೆ ಎಂದಳು. ಕೋಟೇಶ್ವರದ ಯಾವುದೋ ಮನೆಯವರು. ಎಲ್ಲರೂ ನಕ್ಕರು. ನಾನು ಸಹ ನಕ್ಕೆ, ಆದರೆ ನನ್ನ ಕಿವಿ ಫೋನಿನ ಸ್ಪೀಕರಿನ ಕಡೆಗಿತ್ತು. ಸ್ವಲ್ಪ ಕರಕರ ಎನ್ನುತ್ತಿತ್ತೇ? (ಮಗಳ ಸುದ್ದಿ ಬಂದದ್ದು ಆಮೇಲೆ, ಅದೇ ವಾರ. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಅವಳು ಬೆಂಚಿನ ಮೇಲೆ ಕೂತಿದ್ದಾಗಲೇ ಬಂತು. ಹಾಗಾಗಿ ಮೊದಲು ಗೊತ್ತಾದದ್ದು ಕೊಡೆಯವನಿಗೆ.)

ಅಲ್ಲಿಂದ ನೋಡಿದರೆ ನನ್ನ ಅಂಗಡಿ ಬೇರೆ ಯಾರದ್ದೋ ಹಾಗೆ ಕಾಣುತ್ತಿತ್ತು. ಕತ್ತಲೆ, ಒಳಗೆ ಒಂದು ಸಣ್ಣ ದೀಪ, ಯಾರೂ ಇಲ್ಲದ ಕುರ್ಚಿ. ಅಷ್ಟರಲ್ಲಿ ಒಬ್ಬಾತ ಹಳೆಯ ಟೇಪ್ ರೆಕಾರ್ಡರೊಂದನ್ನು ಎದೆಗೆ ಅವಚಿಕೊಂಡು ಬಂದು ನನ್ನ ಮೆಟ್ಟಿಲಿನ ಮುಂದೆ ನಿಂತ. ಖಾಲಿ ಕುರ್ಚಿ ನೋಡಿದ, ಅತ್ತಿತ್ತ ನೋಡಿದ. ನಾನು ಅರ್ಧ ಎದ್ದೆ. ಕೂಗಬೇಕು ಎಂದು ಬಾಯಿ ತೆರೆದೆ, ತುಟಿ ಆಗಲೇ ಕಾಂಬದ ಆಕಾರಕ್ಕೆ ಬಂದಿತ್ತು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಕೊಡೆಯವನ ದನಿ ಹೊರಟಿತು.

"ಹ್ವಾಯ್, ಅಲ್ಲೇ ಇಟ್ಟ್ ಹೋಯ್ನಿ. ಆತ್ತ್. ಅವ್ರ್ ಮಾಡಿ ಇಡ್ತ್ರ್."

ಆತ ಒಂದು ಮಾತೂ ಕೇಳಲಿಲ್ಲ. ಟೇಪ್ ರೆಕಾರ್ಡರನ್ನು ನನ್ನ ಮೇಜಿನ ಮೇಲಿಟ್ಟು, ಹಗುರಾಗಿ ಕೈ ಬೀಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ. ನನ್ನ ಅಂಗಡಿಯಲ್ಲಿ, ನಾನಿಲ್ಲದಾಗ, ನನ್ನ ಕೈಯ ಕೆಲಸಕ್ಕೆ ಕೊಟ್ಟ ಮಾತು. ಅದೂ ಅಷ್ಟು ಒಳ್ಳೆಯ ದನಿಯಲ್ಲಿ. ನನಗೆ ಆ ದನಿಯ ಮೇಲೆಯೂ ಹೊಟ್ಟೆಕಿಚ್ಚಾಯಿತು. ಶರಬತ್ತು ಕುಡಿಯುತ್ತ ಅದರ ಒಳಗೆ ಏನು ಕೆಟ್ಟಿರಬಹುದು, ಅದಕ್ಕೆ ಬೆಲ್ಟು ಈಗ ಎಲ್ಲಿ ಸಿಗಬಹುದು ಎಂದು ಚಿಂತಿಸತೊಡಗಿದೆ. ಹೆಡ್ ಸವೆದಿದ್ದರೆ? ಮೋಟರ್ ಹೋಗಿದ್ದರೆ? ಯೋಚನೆ ಸುತ್ತಿ ಸುತ್ತಿ ಸೋಲ್ಡರಿಂಗ್ ಕಡ್ಡಿಗೆ ಬಂದು ನಿಂತಿತು. ಆರಿಸಿ ಬಂದಿದ್ದೆನೇ?

ಗ್ಲಾಸು ಕೆಳಗಿಟ್ಟು ಎದ್ದೆ.

"ಹೊರಟ್ರ್ಯಾ?" ಎಂದು ಕಂಡಕ್ಟರರು ಕೇಳಿದರು.

"ಹೌದ್. ಕಾಂಬ" ಎಂದೆ.

"ಕಾಂಬ" ಎಂದರು ಅವರು. ಮೀನಿನಾಕೆಯೂ ಕಾಂಬ ಎಂದಳು. ಕೊಡೆಯವನು ಮಾತ್ರ ಏನೂ ಹೇಳದೆ, ತಲೆ ತಗ್ಗಿಸಿ ಒಂದು ಚಾರ್ಜರಿನ ಗಂಟು ಬಿಡಿಸುತ್ತ, ಒಬ್ಬನೇ ನಗುತ್ತಿದ್ದ. ಅವನು ಏಕೆ ನಗುತ್ತಿದ್ದಾನೆಂದು ನನಗೆ ಗೊತ್ತಾದದ್ದು ರಸ್ತೆಯ ನಡುವೆ ಬಂದ ಮೇಲೆ: ಈ ಸಲ ಕಾಂಬ ಎಂದು ಹೊರಟವನು ನಾನು. ತಿರುಗಿ ನೋಡಲಿಲ್ಲ. ಸೋಲ್ಡರಿಂಗ್ ಕಡ್ಡಿ ಉರಿಯುತ್ತಲೇ ಇತ್ತು.